ಪ್ಯಾಕೇಜಿನ ಹೊರಗಿನ ಲೆಕ್ಕ

ನನ್ನ ಹತ್ತನೆಯ ತರಗತಿಯ ಗಣಿತ ಪುಸ್ತಕ ಈಗಲೂ ಮನೆಯಲ್ಲಿದೆ. ಕೆಲವು ಅಧ್ಯಾಯಗಳ ಹಾಳೆಗಳು ತಿರುವಿ ತಿರುವಿ ಬಟ್ಟೆಯಂತೆ ಮೆತ್ತಗಾಗಿವೆ. ಉಳಿದವು ಸರ್ಕಾರ ಕೊಟ್ಟಾಗ ಹೇಗಿದ್ದವೋ ಹಾಗೇ ಗರಿಗರಿಯಾಗಿವೆ. ಆ ವರ್ಷ ನಮ್ಮ ಶಾಲೆಯಲ್ಲಿ ನನ್ನಂಥವರಿಗೆ ಏನು ಕಲಿಸಿದರು, ಏನು ಬಿಟ್ಟರು ಎಂದು ಯಾರಾದರೂ ಕೇಳಿದರೆ ಆ ಪುಸ್ತಕವನ್ನು ತೋರಿಸಿದರೆ ಸಾಕು.

ನಮ್ಮದು ಅಥಣಿ ತಾಲ್ಲೂಕಿನಲ್ಲಿ ಐಗಳಿ ಕಡೆಯ ಒಂದು ಹಳ್ಳಿ. ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವ್ವ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಏಳನೆಯ ತರಗತಿಯವರೆಗೆ ಕಾಗವಾಡದ ಆಚೆ ಅಜ್ಜಿಯ ಊರಿನಲ್ಲಿದ್ದು ಮರಾಠಿ ಶಾಲೆಯಲ್ಲಿ ಓದಿದೆ. ಎಂಟನೆಯ ತರಗತಿಗೆ ಅಪ್ಪ ನನ್ನನ್ನು ಊರಿಗೆ ಕರೆತಂದು, ಬಸ್ಸಿನಲ್ಲಿ ಅರ್ಧ ತಾಸು ದೂರದ ಕನ್ನಡ ಹೈಸ್ಕೂಲಿಗೆ ಸೇರಿಸಿದ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಪುಸ್ತಕದ ಕನ್ನಡ ನನಗೆ ಹೊಸದು. ಅಲ್ಲಿ ಲಸಾವಿ ಎಂದು ಕಲಿತದ್ದು ಇಲ್ಲಿ ಲ.ಸಾ.ಅ. ಆಗಿತ್ತು. ಅಂಕಿಗಳನ್ನು ಬೋರ್ಡಿನ ಮೇಲೆ ಹಾಕಿಕೊಟ್ಟರೆ ಲೆಕ್ಕ ಮಾಡುತ್ತಿದ್ದೆ. ದೋಣಿಯೊಂದು ಪ್ರವಾಹದ ವಿರುದ್ಧ ಚಲಿಸುತ್ತದೆ ಎಂಬಂಥ ಪ್ರಶ್ನೆ ಬಂದರೆ, ದೋಣಿ ಯಾವ ಕಡೆ ಹೊರಟಿದೆ ಎಂದು ತಿಳಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಒಂಬತ್ತನೆಯ ತರಗತಿಯ ಗಣಿತದಲ್ಲಿ ಅಂಚಿನಲ್ಲಿ ಪಾಸಾದೆ.

ಆ ಅಂಕಗಳ ಆಧಾರದ ಮೇಲೆ ಹತ್ತನೆಯ ತರಗತಿಯ ಜೂನ್‌ನಲ್ಲಿ ಒಂದು ಪಟ್ಟಿ ತಯಾರಾಯಿತು. ನಪಾಸಾಗುವ ಅಪಾಯವಿರುವ ವಿದ್ಯಾರ್ಥಿಗಳನ್ನು ಶಿಕ್ಷಕರು ತಮ್ಮತಮ್ಮೊಳಗೆ ಹಂಚಿಕೊಂಡು ‘ದತ್ತು’ ತೆಗೆದುಕೊಳ್ಳುವ ಪದ್ಧತಿ ಅದು. ದತ್ತು ತೆಗೆದುಕೊಂಡವರು ಮಕ್ಕಳ ಮನೆಗೆ ಹೋಗಬೇಕು, ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸಬೇಕು, ಪಾಸು ಮಾಡಿಸಬೇಕು. ಪಟ್ಟಿ ಹೆಡ್‌ಮಾಸ್ಟರರ ಮೂಲಕ ತಾಲ್ಲೂಕಿಗೆ ಹೋಗುತ್ತಿತ್ತು. ಯಾವ ಶಿಕ್ಷಕರ ಎಷ್ಟು ಮಕ್ಕಳು ಪಾಸಾದರು ಎಂಬುದು ಅಲ್ಲಿ ದಾಖಲಾಗುತ್ತಿತ್ತು. ಗಣಿತದ ಸರ್ ಪಾಲಿಗೆ ಎಂಟು ಮಂದಿ ಬಂದರು. ನನ್ನ ಹೆಸರು ನಾಲ್ಕನೆಯದು.

ಸರ್ ರಾಯಬಾಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಚೆನ್ನಾಗಿ ಕಲಿಸುತ್ತಿದ್ದರು. ಸ್ಪರ್ಶಕದ ಪಾಠಕ್ಕೆ ಒಬ್ಬನ ಸೈಕಲ್ಲನ್ನೇ ವರ್ಗದೊಳಗೆ ತಂದು, ಗಾಲಿಗೆ ಕಬ್ಬಿನ ಗಳ ಆನಿಸಿ, ಅದು ಒಂದೇ ಕಡೆ ತಾಗುತ್ತದೆ ಎಂದು ತೋರಿಸಿದ್ದರು. ಆಮೇಲೆ ಆ ಕಬ್ಬನ್ನು ಮುರಿದು ನಮಗೇ ಹಂಚಿದರು. ಬೆಳಿಗ್ಗೆ ಐದಕ್ಕೆ ಅವ್ವನ ಫೋನಿಗೆ ಅವರ ಕರೆ ಬರುತ್ತಿತ್ತು.

“ಎದ್ದಾಳೇನ್ರಿ ಅಕ್ಕಾ?”

“ಎದ್ದಾಳ್ರಿ ಸರ, ಮಾರಿ ತೊಳಕೊಳ್ಳಾಕತ್ತಾಳ,” ಎಂದು ಹೇಳಿ ಅವ್ವ ಆಮೇಲೆ ನನ್ನನ್ನು ಎಬ್ಬಿಸುತ್ತಿದ್ದಳು.

ಆಗಸ್ಟ್‌ನಲ್ಲಿ ಒಂದು ಸಂಜೆ ಅವರು ನಮ್ಮ ಮನೆಗೇ ಬಂದರು. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, “ಇಕಿ ಜವಾಬ್ದಾರಿ ಇನ್ನ ನಂದು ಅಕ್ಕಾ. ನೀವು ಆರಾಮ ಇರ್ರಿ,” ಎಂದರು. ನಮ್ಮ ಮನೆಗೆ ಶಿಕ್ಷಕರೊಬ್ಬರು ಬಂದದ್ದು ಅದೇ ಮೊದಲು. ಅವರು ಹೋದ ಮೇಲೆ ಅವ್ವ ಕಪ್ಪು ತೊಳೆದು, ಸರ್ ಕುಡಿದದ್ದೆಂದು ಜೋಪಾನವಾಗಿ ಬೇರೆ ಎತ್ತಿಟ್ಟಳು.

ದೀಪಾವಳಿ ರಜೆ ಮುಗಿದ ಮೇಲೆ ಪ್ಯಾಕೇಜು ಬಂತು. ಝೆರಾಕ್ಸ್ ಮಾಡಿ ಪಿನ್ನು ಹೊಡೆದ ಹಾಳೆಗಳು. ಅದರಲ್ಲಿ ಎರಡು ಪ್ರಮೇಯ, ಸ್ಪರ್ಶಕದ ರಚನೆ, ಒಂದು ನಕ್ಷೆ, ಸರಾಸರಿ ಮತ್ತು ಮಧ್ಯಾಂಕ, ಸಮಾಂತರ ಶ್ರೇಢಿಯ ಸೂತ್ರ ಹಾಕುವ ಲೆಕ್ಕಗಳು, ಒಂದು ಅಂಕದ ಕೆಲವು ಉತ್ತರಗಳು ಇದ್ದವು. ದತ್ತು ಮಕ್ಕಳಿಗೆ ಇಷ್ಟೇ. ಉಳಿದವರು ಬಲಗಡೆಯ ಸಾಲಿನಲ್ಲಿ ಕುಳಿತು ಇಡೀ ಪುಸ್ತಕ ಮಾಡುತ್ತಿದ್ದಾಗ ನಾವು ಎಂಟು ಮಂದಿ ಎಡಗಡೆ ಕುಳಿತು ಪ್ರಮೇಯವನ್ನು ಬರೆದದ್ದನ್ನೇ ಬರೆಯುತ್ತಿದ್ದೆವು.

“ಇಷ್ಟ ಬರದ್ರ ದೇವರು ಬಂದ್ರೂ ನಿಮ್ಮನ್ನ ಫೇಲ್ ಮಾಡಾಕ ಆಗೂದಿಲ್ಲ,” ಎಂದರು ಸರ್. “ಹೊರಗಿಂದಕ್ಕ ಕೈ ಹಾಕಬ್ಯಾಡ್ರಿ. ಹಾಕಿದ್ರ ಒಳಗಿಂದೂ ಕೆಡತೈತಿ.”

“ಸರ, ತ್ರಿಭುಜದ ಹೆಸರು ಬ್ಯಾರೆ ಕೊಟ್ರ ಏನ ಮಾಡೂದ್ರಿ?” ಎಂದು ಹಿಂದಿನ ಬೆಂಚಿನವ ಕೇಳಿದ.

“ಲೇ, ನಿನ್ನ ಹೆಸರು ಬದಲ್ ಮಾಡಿದ್ರ ನೀ ಶ್ಯಾಣ್ಯಾ ಆಗ್ತೀಯೇನ? ಇದ್ದಂಗ ಬರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಎಂಟು ಮಂದಿಯಲ್ಲಿ ಕೆಲವರಿಗೆ ಪ್ಯಾಕೇಜು ನಿಜವಾಗಿಯೂ ಬೇಕಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಆ ಹಿಂದಿನ ಬೆಂಚಿನವ ಇವತ್ತು ಲೈನ್‌ಮನ್ ಆಗಿದ್ದಾನೆ. ಸರ್ ಇಲ್ಲದಿದ್ದರೆ ಹತ್ತನೆಯ ತರಗತಿ ದಾಟುತ್ತಿರಲಿಲ್ಲ ಎಂದು ಅವನೇ ಹೇಳುತ್ತಾನೆ.

ನನಗೆ ಬೇಕಾಗಿದ್ದದ್ದು ಬೇರೆ. ಹಿಂದಿನ ಬೇಸಿಗೆಯಲ್ಲಿ ನಮ್ಮ ಊರ ಹೊರಗೆ ಕಾಲುವೆಯ ಅಳತೆಗೆ ಜನ ಬಂದಿದ್ದರು. ಮೂರು ಕಾಲಿನ ಮೇಲೆ ದುರ್ಬೀನು ಇಟ್ಟುಕೊಂಡು ನೋಡುತ್ತಿದ್ದವಳು ಒಬ್ಬ ಹೆಣ್ಣುಮಗಳು. ತಲೆಗೆ ಟೊಪ್ಪಿಗೆ ಹಾಕಿದ್ದಳು. ದೂರದಲ್ಲಿ ಕೋಲು ಹಿಡಿದು ನಿಂತ ಇಬ್ಬರು ಗಂಡಸರು ಅವಳು ಕೈ ಮಾಡಿದ ಕಡೆ ಸರಿಯುತ್ತಿದ್ದರು. ಗುಡ್ಡ ಹತ್ತದೆ ಅದರ ಎತ್ತರ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. “ತ್ರಿಕೋನಮಿತಿ ಅಂತ ಐತಿ. ಹತ್ತನೇತ್ತಕ್ಕ ಬರ್ತದ ನಿನಗ,” ಎಂದಳು. ಸಿವಿಲ್ ಡಿಪ್ಲೊಮಾ ಮಾಡಿದ್ದೇನೆ ಎಂದೂ ಹೇಳಿದಳು.

ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ನೋಡಿ ಡಿಪ್ಲೊಮಾ ಸೀಟು ಕೊಡುತ್ತಿದ್ದರು. ಅಪ್ಪನದು ಒಂದೇ ಮಾತು: ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಸೀಟು ಸಿಕ್ಕರೆ ಹೋಗು, ಸಿಗದಿದ್ದರೆ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್. ಹಾಗಾಗಿ ನನಗೆ ಪಾಸಾಗುವುದು ಸಾಲುತ್ತಿರಲಿಲ್ಲ. ಇದನ್ನು ನವೆಂಬರಿನಲ್ಲಿ, ಪ್ಯಾಕೇಜಿನ ಹಾಳೆ ಕೈಗೆ ಬಂದ ವಾರವೇ, ಸರ್‌ಗೆ ಹೇಳಿದೆ. ತ್ರಿಕೋನಮಿತಿ ಕಲಿಯುತ್ತೇನೆ, ಬಲಗಡೆ ಕುಳಿತುಕೊಳ್ಳಲೇ ಎಂದು ಕೇಳಿದೆ.

“ಅದು ನಿನಗ ಬ್ಯಾಡ ಬೇ. ಮೊದಲ ದಂಡಿ ಮುಟ್ಟು, ಆಮ್ಯಾಲ ಈಜು ಕಲಿಯಾಕಂತಿ,” ಎಂದರು.

ಪಾಠ ನಡೆಯುತ್ತಿದ್ದದ್ದು ಅದೇ ಕೋಣೆಯಲ್ಲಿ. ಆದರೆ ನಾವು ಬರೆದ ಪ್ರಮೇಯವನ್ನು ಸರ್ ಮಧ್ಯೆ ಮಧ್ಯೆ ಬಂದು ನೋಡುತ್ತಿದ್ದುದರಿಂದ ಬೋರ್ಡಿನ ಕಡೆ ಕಿವಿ ಕೊಡುವುದು ಕಷ್ಟವಾಗಿತ್ತು. ಬಲಗಡೆಯ ಸಾಲಿನಲ್ಲಿ ನನ್ನ ಗೆಳತಿಯೊಬ್ಬಳಿದ್ದಳು, ಜೈನರ ಹುಡುಗಿ. ಅವರದು ಬಟ್ಟೆ ಅಂಗಡಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ನಾನು ಸೈನ್, ಕಾಸ್, ಟ್ಯಾನ್ ಕಲಿತದ್ದು ಬಸ್ಸಿನಲ್ಲೇ. ಅರ್ಥವಾಗದ ಕನ್ನಡವನ್ನು ಅವಳು ಮರಾಠಿಯಲ್ಲಿ ಹೇಳುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ನನಗೆ ಪ್ರಶ್ನೆ ಓದಲು ತಡವಾಗುತ್ತಿರಲಿಲ್ಲ.

ಒಂದು ಭಾನುವಾರ ನಾವಿಬ್ಬರೂ ಊರ ನೀರಿನ ಟಾಕಿಯ ಎತ್ತರ ಅಳೆಯಲು ಹೋದೆವು. ಅವಳು ಅಂಗಡಿಯ ಟೇಪು ತಂದಿದ್ದಳು, ನನ್ನ ಹತ್ತಿರ ಕಂಪಾಸ್ ಪೆಟ್ಟಿಗೆಯ ಮೂಲೆಮಟ್ಟ ಇತ್ತು. ಮೂಲೆಮಟ್ಟದ ಓರೆ ಅಂಚನ್ನು ಕಣ್ಣಿಗೆ ಹಿಡಿದು, ಟಾಕಿಯ ತುದಿ ಸರಿಯಾಗಿ ಅದರ ಗೆರೆಗೆ ಬರುವವರೆಗೆ ನಾನು ಹಿಂದಕ್ಕೆ ಹಿಂದಕ್ಕೆ ನಡೆದೆ. ಅಲ್ಲಿಗೆ ನಲವತ್ತೈದು ಡಿಗ್ರಿ. ಟಾಕಿಯ ಬುಡದಿಂದ ಎಷ್ಟು ದೂರವೋ ಅಷ್ಟೇ ಎತ್ತರ.

ನೀರು ಬಿಡುವ ವಾಲ್ವ್‌ಮನ್ ಕಾಕಾ ನೋಡುತ್ತ ನಿಂತಿದ್ದ. “ಏನ್ ಬೇ, ಟಾಕಿಗೆ ಅಂಗಿ ಹೊಲಸ್ತೀರೇನು? ಅಳತಿ ತಗೊಳ್ಳಾಕತ್ತೀರಿ!”

“ಎತ್ತರಾ ನೋಡಾಕತ್ತೇವ್ರಿ ಕಾಕಾ.”

“ಎತ್ತರಾ ನೋಡಾಕ ಮ್ಯಾಲ ಹತ್ತಬೇಕು. ನೆಲದ ಮ್ಯಾಲ ಹಿಂದ್ಹಿಂದಕ್ಕ ನಡದ್ರ ಗಟಾರಕ್ಕ ಬೀಳ್ತಿ.”

ಟೇಪನ್ನು ಮತ್ತೆ ಮತ್ತೆ ಹಾಸಿ ಅಳೆದಾಗ ಹದಿನೇಳು ಮೀಟರು ಚಿಲ್ಲರೆ ಬಂತು. ಫೂಟಿಗೆ ಇಳಿಸಿದರೆ ಐವತ್ತಾರರ ಮೇಲೆ ಸ್ವಲ್ಪ. ಕಾಕಾ ನಕ್ಕ. ದಿನಾ ಹತ್ತುವವನು ಅವನು. ಕಬ್ಬಿಣದ ನಿಚ್ಚಣಿಕೆಗೆ ಅರವತ್ತೊಂದು ಮೆಟ್ಟಿಲು, ಒಂದೊಂದು ಒಂದೊಂದು ಫೂಟು. “ನಿಮ್ಮ ಸಾಲ್ಯಾಗ ನಾಕೈದ ಫೂಟ ತಿಂದ ಹಾಕ್ಯಾರ ನೋಡು,” ಎಂದ.

ಗೆಳತಿ ನೋಟುಬುಕ್ಕು ತಿರುವಿದಳು, ಲೆಕ್ಕ ಸರಿಯೇ ಇತ್ತು. ತಪ್ಪು ಎಲ್ಲಿದೆ ಎಂದು ನನಗೆ ಹೊಳೆಯಿತು. ನಾನು ನೋಡಿದ್ದು ನೆಲದಿಂದಲ್ಲ, ನನ್ನ ಕಣ್ಣಿನಿಂದ. ಅವಳು ಟೇಪು ಹಿಡಿದು ನನ್ನ ಕಣ್ಣಿನವರೆಗೆ ಅಳೆದಳು. ಒಂದು ಮೀಟರು ನಲವತ್ತು. ಕೂಡಿಸಿದಾಗ ಅರವತ್ತೊಂದು ಫೂಟು ಬಂತು. ಕಾಕಾ ಟಾಕಿಯನ್ನೂ ನನ್ನನ್ನೂ ಒಮ್ಮೆ ನೋಡಿ ವಾಲ್ವು ತಿರುವಲು ಹೋದ. ಗಣಿತದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದು, ಹತ್ತು ನಿಮಿಷದ್ದು.

ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಪ್ಯಾಕೇಜು ಬರೆದು ಮುಗಿಸಿ ಉಳಿದದ್ದಕ್ಕೂ ಕೈ ಹಾಕಿದೆ. ಎತ್ತರ ಮತ್ತು ದೂರದ ಲೆಕ್ಕ, ವರ್ಗಸಮೀಕರಣದ ಒಂದು ಪ್ರಶ್ನೆ, ಇನ್ನೂ ಎರಡು. ಪೇಪರು ತಿರುಗಿ ಬಂದಾಗ ಮೊದಲ ಪುಟಗಳಲ್ಲಿ ಕೆಂಪು ಗುರುತುಗಳಿದ್ದವು. ಪ್ಯಾಕೇಜಿನ ಹೊರಗಿನ ಪುಟಗಳಲ್ಲಿ ಸರಿ ಎಂದೂ ಇರಲಿಲ್ಲ, ತಪ್ಪು ಎಂದೂ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಒಂದೊಂದು ಗೆರೆ ಇತ್ತು. ಕೂಡಿಸಿದ ಮೊತ್ತ ಮೂವತ್ತೆಂಟು.

ತಪ್ಪಾಗಿರಬೇಕು ಎಂದುಕೊಂಡೆ. ಗೆಳತಿಯ ಪೇಪರಿನೊಂದಿಗೆ ಹೋಲಿಸಿದೆ. ಉತ್ತರ ಅದೇ, ಹಂತಗಳೂ ಅವೇ. ಅವಳಿಗೆ ಪೂರ್ತಿ ಅಂಕ ಬಂದಿತ್ತು. ಆದರೂ ನಾನು ಸರ್‌ರನ್ನು ಕೇಳಲಿಲ್ಲ. ನನಗೆ ಕಾಣದ ಏನೋ ತಪ್ಪು ಅವರಿಗೆ ಕಂಡಿದೆ ಎಂದು ನಂಬಿದೆ. ದಿನಾ ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಮನುಷ್ಯನ ಮೇಲೆ ಸಂಶಯ ಪಡಲು ಆ ವಯಸ್ಸಿನಲ್ಲಿ ನನಗೆ ಬರುತ್ತಿರಲಿಲ್ಲ.

ಮರುದಿನ ದತ್ತು ಮಕ್ಕಳ ಪಾಲಕರನ್ನು ಕರೆಸಿದರು. ಅವ್ವ ಅರ್ಧ ದಿನದ ಕೆಲಸ ಬಿಟ್ಟು ಬಂದಳು. ಸರ್ ಎಲ್ಲರೆದುರಿಗೆ ನನ್ನ ಪೇಪರು ಎತ್ತಿ ಹಿಡಿದರು.

“ನೋಡ್ರಿ ಅಕ್ಕಾ, ನಿಮ್ಮ ಮಗಳು ನನ್ನ ಮಾತ ಕೇಳೂದಿಲ್ಲ. ಸಿಕ್ಕಿದ್ದೆಲ್ಲಾ ಬರಿಯಾಕ ಹೋಗಿ ಕೈಯಾಗಿಂದ ಕಳಕೋತಾಳ. ನೀವರೆ ಒಂದ ಮಾತ ಹೇಳ್ರಿ.”

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳು ಸರ್ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎಲೆ ಅಡಿಕೆಯ ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಚಿಂಚಲಿ ಮಾಯಕ್ಕನ ಗುಡಿಯ ಭಂಡಾರದ ಪೊಟ್ಟಣ ತೆಗೆದು ಬಿಚ್ಚಿದಳು.

“ಮುಟ್ಟು. ಸರ ಹೇಳಿದ್ದ ಬಿಟ್ಟ ಬ್ಯಾರೆ ಬರಿಯೂದಿಲ್ಲ ಅನ್ನು.”

ನಾನು ಆ ಅರಿಶಿನದ ಪುಡಿ ಮುಟ್ಟಿ ಹಾಗೆಂದೆ. ಸರ್ ಜೋರಾಗಿ ನಕ್ಕು, “ಛಲೋ ಆತು, ನಮ್ಮ ಗಣಿತಕ್ಕ ಮಾಯಕ್ಕನ ಸಾಕ್ಷಿ ಸಿಕ್ತು. ಎಲ್ಲಾರೂ ಮುಟ್ರಿ,” ಎಂದರು. ಒಬ್ಬೊಬ್ಬರಾಗಿ ಉಳಿದ ಏಳೂ ಮಂದಿ ಮುಟ್ಟಿದರು.

“ಸರ, ಹಣಿಗೆ ಹಚ್ಕೊಂಡ ಕುಂತ್ರ ಪ್ರಮೇಯ ತಾನ ಬರ್ತೈತೇನ್ರಿ?” ಎಂದ ಹಿಂದಿನ ಬೆಂಚಿನವ.

“ಬರೂದಿಲ್ಲಲೇ, ಹಚ್ಕೊಂಡ ಬರಿಬೇಕು.”

ಬೋರ್ಡ್ ಪರೀಕ್ಷೆಯ ದಿನ ನಾನು ಪ್ಯಾಕೇಜಿನಲ್ಲಿದ್ದದ್ದನ್ನೆಲ್ಲ ಬರೆದು ಮುಗಿಸಿದಾಗ ನಲವತ್ತು ನಿಮಿಷ ಉಳಿದಿತ್ತು. ಎತ್ತರ ಮತ್ತು ದೂರದ ಲೆಕ್ಕ ನಾಲ್ಕು ಅಂಕಕ್ಕೆ ಬಂದಿತ್ತು. ಗೋಪುರ, ನೆಲದ ಮೇಲೆ ಒಂದು ಬಿಂದು, ಉನ್ನತ ಕೋನ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಚಿತ್ರ ಬರೆದು ಉತ್ತರ ತೆಗೆದೆ. ಉತ್ತರಪತ್ರಿಕೆಗೆ ಅದನ್ನು ದಾಟಿಸಲಿಲ್ಲ. ಗೊತ್ತಿದ್ದೂ ಬಿಟ್ಟ ಪ್ರಶ್ನೆಗಳು ಐದು, ಅವುಗಳ ಅಂಕ ಹದಿನಾರು. ದೇವರ ಆಣೆಗೆ ಹೆದರಿ ಬಿಟ್ಟೆ ಎಂದರೆ ಅರ್ಧ ನಿಜ. ನನಗೆ ಒಳ್ಳೆಯದು ಯಾವುದು ಎಂದು ಸರ್‌ಗೆ ನನಗಿಂತ ಚೆನ್ನಾಗಿ ಗೊತ್ತು ಎಂದು ನಂಬಿದ್ದು ಉಳಿದರ್ಧ. ಉತ್ತರಪತ್ರಿಕೆಗೆ ದಾರ ಕಟ್ಟಿ, ಕೈಕಟ್ಟಿ ಕುಳಿತೆ. ಮೇಲ್ವಿಚಾರಕರು ಬಂದು, “ಮುಗೀತೇನವಾ? ಇನ್ನೂ ಟೈಮ್ ಐತಿ,” ಎಂದರು. “ಮುಗದೈತ್ರಿ,” ಎಂದೆ.

ಗಣಿತದಲ್ಲಿ ನಲವತ್ಮೂರು ಬಂತು. ಶಾಲೆಯ ಫಲಿತಾಂಶ ನೂರಕ್ಕೆ ನೂರು. ಸರ್ ದತ್ತು ತೆಗೆದುಕೊಂಡ ಎಂಟೂ ಮಂದಿ ಪಾಸು. ಗೇಟಿನಲ್ಲಿ ಪೇಢೆ ಹಂಚಿದರು, ಸರ್‌ಗೆ ಶಾಲು ಹೊದಿಸಿದರು. ಅವ್ವ ಅವರ ಕಾಲು ಮುಟ್ಟಲು ಹೋದಳು, ಅವರು ಬಿಡಲಿಲ್ಲ.

ಪಾಲಿಟೆಕ್ನಿಕ್ಕಿನ ಆಯ್ಕೆ ಪಟ್ಟಿ ಆಮೇಲೆ ಬಂತು. ಸಿವಿಲ್‌ನಲ್ಲಿ ನನ್ನ ಮೀಸಲಾತಿ ವರ್ಗದ ಕೊನೆಯ ಸೀಟು ನನಗಿಂತ ಹನ್ನೊಂದು ಅಂಕ ಹೆಚ್ಚಿದ್ದವರಿಗೆ ಹೋಗಿತ್ತು. ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ನಿಂತು ಹದಿನಾರರಲ್ಲಿ ಹನ್ನೊಂದು ಕಳೆದೆ. ಐದು ಉಳಿಯಿತು.

ಮಾರನೆಯ ದಿನ ಅವ್ವನನ್ನು ಕರೆದುಕೊಂಡು ಶಾಲೆಗೆ ಹೋದೆ. ಏನಾದರೂ ದಾರಿ ಇದ್ದರೆ ಸರ್‌ಗೆ ಗೊತ್ತಿರುತ್ತದೆ ಎಂದು ಅವ್ವ ಅಂದಿದ್ದಳು. ಮುಂದೆ ಬರುವ ಮಾತುಗಳನ್ನು ಅಂದು ಸಂಜೆಯೇ ಗಣಿತ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಟ್ಟಿದ್ದೆ. ಈಗ ಚಿಕ್ಕೋಡಿಯಲ್ಲಿ ಪತ್ರಿಕೆಯ ಕೆಲಸ ಮಾಡುವ ನಾನು ಇನ್ನೊಬ್ಬರ ಮಾತನ್ನು ಹಾಗೇ ಬರೆದುಕೊಂಡದ್ದು ಅದೇ ಮೊದಲು.

ಸರ್ ಸ್ಟಾಫ್ ರೂಮಿನಲ್ಲಿ ಹೊಸ ವರ್ಷದ ಪಟ್ಟಿ ಮಾಡುತ್ತ ಕುಳಿತಿದ್ದರು. ಖುಷಿಯಿಂದ ಕುರ್ಚಿ ಎಳೆದು ಕೊಟ್ಟರು. ಸೀಟು ತಪ್ಪಿದ್ದನ್ನು ಹೇಳಿದೆ. ನಾಲಿಗೆಯಿಂದ ಚ್ಚ್ ಎಂದರು.

“ಸರ, ಪೂರ್ವಸಿದ್ಧತಾ ಪೇಪರಿನಾಗ ಗೋಪುರದ ಲೆಕ್ಕಾ ಬರದಿದ್ದೆ. ಅದು ತಪ್ಪಿತ್ತೇನ್ರಿ?”

“ಇಲ್ಲಲ್ಲ. ಪೂರಾ ಸರಿ ಇತ್ತು. ಛಲೋ ಬರದಿದ್ದಿ.”

“ಮತ್ತ ಗೆರಿ ಯಾಕ ಹೊಡದ್ರಿ?”

ಅವರು ಅವ್ವನ ಕಡೆ ನೋಡಿ, ಮನೆಯವರಿಗೆ ಮಾತ್ರ ಹೇಳುವ ಗುಟ್ಟಿನಂತೆ ದನಿ ತಗ್ಗಿಸಿದರು. “ನೋಡು ತಂಗಿ, ಆ ಮಾರ್ಕ್ಸ್ ಹಾಕಿದ್ರ ನಿಂದು ಐವತ್ತರ ಮ್ಯಾಲ ಹೋಗ್ತಿತ್ತು. ಹೆಡ್‌ಮಾಸ್ತರು ನಿನ್ನ ಹೆಸರ ಲಿಸ್ಟಿನ್ಯಾಗಿಂದ ತಗದ, ನಿನ್ನ ಜಾಗಾಕ್ಕ ಏನೂ ಬರದ ಮತ್ತೊಬ್ಬನ್ನ ನನಗ ಕಟ್ಟತಿದ್ರು. ಅವ ಫೇಲ್ ಆದ್ರ ನನ್ನ ಎಂಟರಾಗ ಒಂದ ಹೋತಲ್ಲ? ನೀ ಇದ್ರ ನನಗ ಚಿಂತಿ ಇರಲಿಲ್ಲ. ನಿನ್ನ ಮ್ಯಾಲ ಅಷ್ಟ ಭರೋಸಾ ಇತ್ತು ನನಗ.”

ಅದನ್ನು ಅವರು ಹೊಗಳಿಕೆಯೆಂದೇ ಹೇಳಿದರು. ಮುಖದಲ್ಲಿ ಯಾವ ಅಳುಕೂ ಇರಲಿಲ್ಲ.

“ಸಿವಿಲ್ ಡಿಪ್ಲೊಮಾ ಅಂತ ನಿಮ್ಮ ಮುಂದ ಹೇಳಿದ್ದೆನಲ್ರಿ.”

“ಹೇಳಿದ್ದಿ. ಹುಡುಗ್ಯಾರು ನೂರೆಂಟ ಹೇಳ್ತಾರ, ಕಡೀಕ ಆರ್ಟ್ಸ್ ತಗೋತಾರ. ಅದಕ್ಯಾಕ ಮನಸ್ಸಿಗೆ ಹಚ್ಕೋತಿ?”

ಅವ್ವ ನನ್ನ ಕಡೆ ತಿರುಗಿ ಕೇಳಿದಳು.

“ಆ ಲೆಕ್ಕಾ ದೊಡ್ಡ ಪರೀಕ್ಷಾದಾಗೂ ಬಂದಿತ್ತೇನ?”

“ಬಂದಿತ್ತಬೇ.”

“ನಿನಗ ಬರತಿತ್ತಾ?”

“ಬರತಿತ್ತು.”

ಯಾಕೆ ಬರೆಯಲಿಲ್ಲ ಎಂದು ಅವಳು ಕೇಳಲಿಲ್ಲ. ಅಂದು ಭಂಡಾರ ಹಿಡಿದಿದ್ದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಸರ್ ಕಡೆ ತಿರುಗಿದಳು.

“ಸರ, ಇನ್ನೊಮ್ಮೆ ಬರಿಯಾಕ ಬರಂಗಿಲ್ಲೇನ್ರಿ? ಈ ಸಲ ಎಲ್ಲಾ ಬರೀತಾಳ.”

“ಅದು ಫೇಲ್ ಆದವರಿಗಷ್ಟ ಅಕ್ಕಾ. ಅವರಿಗೆ ಮತ್ತೊಂದ ಪರೀಕ್ಷಾ ಇರ್ತದ. ನಿಮ್ಮ ಮಗಳು ಪಾಸ್ ಆಗ್ಯಾಳ.”

ಆ ದಿನಗಳ ನಿಯಮ ಹಾಗೇ ಇತ್ತು. ಆಮೇಲೆ ನಾನೇ ಬೇರೆ ಕಡೆ ವಿಚಾರಿಸಿದೆ. ಅವರು ಹೇಳಿದ್ದು ನಿಜ.

“ಹಂಗಾದ್ರ ಫೇಲ್ ಮಾಡಿದ್ರ ಛಲೋ ಇತ್ತಲ್ರಿ,” ಎಂದಳು ಅವ್ವ.

ಸರ್ ತಮಾಷೆ ಎಂದುಕೊಂಡು ನಕ್ಕರು, ಚಹಾ ತರಲು ಹೇಳಿದರು. ಅವ್ವ ಬೇಡವೆಂದು ಎದ್ದು ನಿಂತಳು.